ಮಿಲಿಟ್ರಿ ಅಣ್ಣನ ಸುರಂಗ

ಊರಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಸ್ಸಿಳಿದು "ಮಿಲಿಟ್ರಿ ಅಣ್ಣನ ಮನೆ ಎಲ್ಲಿ?" ಎಂದು ಕೇಳಬೇಕು. ಆಗ ಅಂಗಡಿಯವರು ಗುಡ್ಡದ ಕಡೆ ಕೈ ತೋರಿಸುತ್ತಾರೆ. ಕೆಲವರು ಸಣ್ಣಗೆ ನಗುತ್ತಾರೆ ಕೂಡ. ಬಂದವನು ಕ್ಯಾಂಟೀನ್ ರಮ್ಮಿಗೇ ಬಂದಿರಬೇಕು ಎಂಬುದು ಅವರ ಲೆಕ್ಕ. ನಮ್ಮ ಕಡೆ ಮಾಜಿ ಸೈನಿಕನಿಗೆ ಬೀಳುವ ಮೊದಲ ಪ್ರಶ್ನೆಯೇ "ಗುಂಡು ಉಂಟಾ?" 24 ವರ್ಷ ಗುಂಡಿನ ಜೊತೆ ಇದ್ದವ ನಾನು. ಆದರೆ ಅವರು ಕೇಳುವುದು ಆ ಗುಂಡನ್ನಲ್ಲ.

ಎರಡನೇ ಪ್ರಶ್ನೆ ಕಾರ್ಗಿಲ್. "ಕಾರ್ಗಿಲಿನಲ್ಲಿ ಇದ್ದಿರಾ?" ಇರಲಿಲ್ಲ. 1999ರಲ್ಲಿ ಅಲ್ಲಿ ಯುದ್ಧ ನಡೆಯುತ್ತಿದ್ದಾಗ ನಾನು ಅರುಣಾಚಲದ ಒಂದು ಹೊಳೆಯ ದಡದಲ್ಲಿ ಮಳೆಗೆ ನೆನೆಯುತ್ತಾ ಸೇತುವೆ ಕಟ್ಟುತ್ತಿದ್ದೆ. ಹಾಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಮೊದಮೊದಲು ನನಗೂ ಬೇಜಾರಾಗುತ್ತಿತ್ತು. ಈಗ ಅಭ್ಯಾಸವಾಗಿದೆ.

ನಾನು ಸ್ಯಾಪರ್. ಅಂದರೆ ಸೇನೆಯ ಇಂಜಿನಿಯರ್ ದಳದ ಜವಾನ. ನಮ್ಮವರು ಮುಂದೆ ಹೋಗಬೇಕಾದರೆ ದಾರಿ ಮಾಡುವವರು, ಹೊಳೆಗೆ ಸೇತುವೆ ಹಾಕುವವರು ನಾವು. ಶತ್ರು ಬರಬಾರದು ಎಂದಾದರೆ ದಾರಿ ಕೆಡಿಸುವವರೂ ನಾವೇ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಮದ್ರಾಸ್ ಇಂಜಿನಿಯರ್ ಗ್ರೂಪ್ ಇದೆಯಲ್ಲ, ಅಲ್ಲಿ ತರಬೇತಾದವ. 1780ರಿಂದ ನಡೆದು ಬಂದ ದಳ ಅದು. ಅಲ್ಲಿಯವರನ್ನು ಸೇನೆ ಇಡೀ 'ತಂಬಿ' ಎಂದು ಕರೆಯುತ್ತದೆ, ತಮಿಳಿನಲ್ಲಿ ತಮ್ಮ ಎಂದರ್ಥ. ಊರಲ್ಲಿ ಅಣ್ಣ, ಸೇನೆಯಲ್ಲಿ ತಂಬಿ.

ಹುಟ್ಟಿದ್ದು 1970ರಲ್ಲಿ, ಕಣ್ಣೂರು ಜಿಲ್ಲೆಯಲ್ಲಿ. ಸೇನೆಗೆ ಸೇರಿದ್ದು 1988ರಲ್ಲಿ, ಕಾಸರಗೋಡು ಜಿಲ್ಲೆಯಿಂದ. ಈಗ ಇರುವುದು ಮಂಜೇಶ್ವರ ತಾಲೂಕಿನಲ್ಲಿ. ಮನೆ ಮಾತ್ರ ಒಂದೇ, ಬಾಯಾರು ಕಡೆಯ ಗುಡ್ಡದ ಬುಡದಲ್ಲಿ. ಅದು ಒಂದಡಿಯೂ ಕದಲಿಲ್ಲ. ಅಪ್ಪ ಹುಟ್ಟಿದ್ದೂ ಅದೇ ಮನೆಯಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ಬೇರೆ ತಾಲೂಕಾಯಿತು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ಒಂದು ಕಾಗದದಲ್ಲಿರುವ ವಿಳಾಸ ಇನ್ನೊಂದರಲ್ಲಿ ಇಲ್ಲ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ 'ಮಂಜೇಶ್ವರ', ಇನ್ನೊಂದರಲ್ಲಿ 'ಮಂಜೇಶ್ವರಂ'. ಆ ಒಂದು ಸೊನ್ನೆಗಾಗಿ ನಾನು ಎಷ್ಟು ಮೆಟ್ಟಿಲು ಹತ್ತಿದ್ದೇನೆ ಎಂದು ನನಗೇ ಗೊತ್ತು.

ಭಾಷೆಯೂ ಹಾಗೇ. ಶಾಲೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಪಲ್ಟನ್ನಿಗೆ ಹೋದ ಮೇಲೆ ಹಿಂದಿ, ತಂಬಿಗಳ ಜೊತೆ ತಮಿಳು. ಮಲಯಾಳಿ ಜವಾನರು ನನ್ನನ್ನು "ಕನ್ನಡಕ್ಕಾರನ್" ಎನ್ನುತ್ತಿದ್ದರು. ಧಾರವಾಡ ಕಡೆಯವರು ನನ್ನ ಕನ್ನಡ ಕೇಳಿ "ಲೇ, ನೀ ಕೇರಳದಾಂವ" ಎನ್ನುತ್ತಿದ್ದರು. ಪಂಜಾಬಿನ ಸುಬೇದಾರ್ ಸಾಹೇಬರಿಗೆ ನಾವೆಲ್ಲರೂ ಮದ್ರಾಸಿಗಳೇ. ಅವರೊಬ್ಬರೇ ನಮ್ಮನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು.

ತರಬೇತಿಯ ಕಥೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಮಾಜಿ ಸೈನಿಕರೂ ಹೇಳುವುದು ಅದನ್ನೇ. ಉಸ್ತಾದರು, ಬೆಳಗ್ಗಿನ ಓಟ, ರಗಡಾ ಎಂಬ ಶಿಕ್ಷೆ, ಲಂಗರಿನ ಅಂದರೆ ಸೇನೆಯ ಅಡಿಗೆಮನೆಯ ದಪ್ಪ ಚಪಾತಿ. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವನಿಗೆ ಆ ಚಪಾತಿ ನುಂಗುವುದೇ ದೊಡ್ಡ ಕವಾಯತು. ಆದರೆ ಬಿಡಿ ಉಕ್ಕಿನ ತುಂಡು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮೂರಿನ ತೋಡಿಗೆ ಎರಡು ಅಡಿಕೆ ಮರ ಕಡಿದು ಹಾಕಿದರೆ ಅದೇ ಸಂಕ. ಮಳೆಗಾಲದಲ್ಲಿ ಜಾರುವ ಸಂಕದ ಮೇಲೆ ಕೊಡೆ ಹಿಡಿದು ಶಾಲೆಗೆ ಹೋದವ ನಾನು. ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತಡಿ ಉದ್ದ, ಸುಮಾರು 260 ಕಿಲೋ ಭಾರ. ಆರು ಜನ ಸೇರಿ ಎತ್ತಬೇಕು. ಆರರಲ್ಲಿ ಒಬ್ಬ ಕಳ್ಳಾಟ ಆಡಿದರೆ ಉಳಿದ ಐವರ ಸೊಂಟಕ್ಕೆ ತಕ್ಷಣ ಗೊತ್ತಾಗುತ್ತದೆ. ಪಿನ್ನು ಹಾಕಿ ಜೋಡಿಸಿ ಮುಂದೆ ತಳ್ಳುತ್ತಾ ಹೋದರೆ ಬೆಳಗಾಗುವಾಗ ಹೊಳೆಯ ಮೇಲೆ ಲಾರಿ ಓಡುತ್ತದೆ. ಮೊದಲ ಸಲ ನೋಡಿದಾಗ ನನಗೆ ನಮ್ಮ ತೋಡಿನ ಸಂಕವೇ ಕಣ್ಣೆದುರು ಬಂದಿತ್ತು.

ಇನ್ನು 'ಬಡ್ಡಿ' ವಿಷಯ. ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ ಇರುತ್ತಾನೆ. ಊಟ, ಪಹರೆ, ಕಾಯಿಲೆ ಎಲ್ಲದಕ್ಕೂ ಅವನು ನಿನಗೆ, ನೀನು ಅವನಿಗೆ. ಅವನಿಗೆ ಬಡ್ಡಿ ಎನ್ನುತ್ತಾರೆ. ನಾನು ಮೊದಲ ವರ್ಷ ಇನ್‌ಲ್ಯಾಂಡ್ ಲೆಟರಿನಲ್ಲಿ "ನನ್ನ ಬಡ್ಡಿಗೆ ಜ್ವರ, ಅವನನ್ನು ನೋಡಿಕೊಳ್ಳುತ್ತಿದ್ದೇನೆ" ಎಂದು ಬರೆದಿದ್ದೆ. ಅಪ್ಪನಿಂದ ತಿರುಗಿ ಕಾಗದ ಬಂತು: "ಅಲ್ಲಿ ಹೋಗಿ ಸಾಲ ಮಾಡಿಕೊಂಡಿದ್ದೀಯಾ? ಎಷ್ಟು, ಯಾರ ಹತ್ತಿರ, ಸರಿಯಾಗಿ ಬರೆ."

ನನ್ನ ಬಡ್ಡಿ ತಿರುನೆಲ್ವೇಲಿ ಕಡೆಯವನು. ಅವನ ಹೆಸರು ಇಲ್ಲಿ ಬೇಡ. ತಮಾಷೆಯ ಮನುಷ್ಯ, ಹಾಡುತ್ತಿದ್ದ, ಸಾಂಬಾರಿಗಾಗಿ ಲಂಗರಿನ ಅಡಿಗೆಯವರ ಜೊತೆ ಜಗಳ ಆಡುತ್ತಿದ್ದ. ಬೇರೆ ಬೇರೆ ಪೋಸ್ಟಿಂಗ್ ಆಗಿ ದೂರವಾಗಿ, ಮತ್ತೆ ಒಂದೇ ಕಂಪನಿಗೆ ಬಂದೆವು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ ನಾವಿಬ್ಬರೂ ಒಟ್ಟಿಗೇ ಇದ್ದೆವು. ಅದಾದ ಮೇಲೆ ಇಡೀ ಸೇನೆ ಪಶ್ಚಿಮದ ಗಡಿಗೆ ಹೊರಟಿತು. ಆಪರೇಷನ್ ಪರಾಕ್ರಮ್ ಎಂದು ಅದಕ್ಕೆ ಹೆಸರು. ನಾವು ಇಳಿದದ್ದು ರಾಜಸ್ಥಾನದಲ್ಲಿ.

ಹಿಂದಿಯಲ್ಲಿ ನೆಲಬಾಂಬಿಗೆ 'ಬಾರೂದಿ ಸುರಂಗ್' ಎನ್ನುತ್ತಾರೆ. ಮಾತಿನಲ್ಲಿ ಬರೀ ಸುರಂಗ್. "ಆಜ್ ಸುರಂಗ್ ಬಿಛಾನಾ ಹೈ" ಎಂದು ಸಾಹೇಬರು ಹೇಳಿದ ದಿನ ನನಗೆ ಒಳಗೊಳಗೇ ನಗು ಬಂತು. ನಮ್ಮ ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗ ಎಂದರೆ ಬೇರೆಯೇ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ ಅದು. ಮನೆಮನೆಗೆ ಒಂದೊಂದು ಇರುತ್ತಿತ್ತು. ನಾನು ಹುಟ್ಟಿದಾಗ ಸ್ನಾನ ಮಾಡಿಸಿದ್ದು ಸುರಂಗದ ನೀರಲ್ಲಿ. ಆ ಶಬ್ದಕ್ಕೆ ಇನ್ನೊಂದು ಅರ್ಥ ಇದೆ ಎಂದು ರಾಜಸ್ಥಾನದ ಚಳಿಯಲ್ಲಿ, ರಾತ್ರಿ ಮರಳು ತೋಡುವಾಗ ಮನಸ್ಸಿಗೆ ಇಳಿಯಿತು.

ಹಾಕುವುದು ಬೇಗ ಆಗುತ್ತದೆ. ಸಾಲು ಹಿಡಿದು, ಅಳೆದು, ಹುಗಿದು, ಎಣಿಸಿ, ಪುಸ್ತಕದಲ್ಲಿ ಬರೆದು ಮುಂದೆ ಹೋಗುವುದು. ಪ್ರತಿಯೊಂದಕ್ಕೂ ಲೆಕ್ಕ. ಕದಲದ ಒಂದು ಗುರುತಿನಿಂದ ಎಷ್ಟು ದೂರ, ಯಾವ ದಿಕ್ಕು, ಎಷ್ಟನೇ ಸಾಲು. ಸುತ್ತ ತಂತಿ ಬೇಲಿ, ಬೇಲಿಯಲ್ಲಿ ಕೆಂಪು ತ್ರಿಕೋನ. ನಾವು ಹುಗಿದ ಜಾಗ ಬಂಜರು ಅಲ್ಲ. ಕೆಲವು ಕಡೆ ಸಾಸಿವೆ ಎದ್ದು ನಿಂತಿದ್ದ ಹೊಲ. ಬೇಲಿಯ ಆಚೆ ಒಬ್ಬ ರೈತ ದಿನಾ ಬಂದು ಕೂರುತ್ತಿದ್ದ. ಒಂದೇ ಪ್ರಶ್ನೆ, "ಯಾವಾಗ ತೆಗೆಯುತ್ತೀರಿ?" ನಮಗೇ ಗೊತ್ತಿರಲಿಲ್ಲ. ಬೀಡಿ ಕೊಡುತ್ತಿದ್ದೆವು.

2002ರ ಅಕ್ಟೋಬರಿನಲ್ಲಿ ಸೇನೆ ಹಿಂದೆ ಹೋಗುವ ತೀರ್ಮಾನವಾಯಿತು. ಉಳಿದವರು ಗಾಡಿ ಹತ್ತಿದರು. ಸ್ಯಾಪರುಗಳು ಉಳಿದೆವು. ಹಾಕಿದವನೇ ತೆಗೆಯಬೇಕಲ್ಲ? ತೆಗೆಯುವುದು ಬೇಗ ಆಗುವುದಿಲ್ಲ. ಪುಸ್ತಕದಲ್ಲಿ ಇರುವ ಜಾಗದಲ್ಲೇ ಅದು ಇರಬೇಕು ಎಂದಿಲ್ಲ. ಮರಳು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ, ಒಳಗಿದ್ದದ್ದೂ ಜೊತೆಗೆ ಜರಗುತ್ತದೆ. ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಎಂಬ ಉದ್ದ ಸೂಜಿಯನ್ನು ನೆಲಕ್ಕೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಮೆಲ್ಲಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ತಲೆಯ ಮೇಲೇ ಒತ್ತಿದ ಹಾಗಾಗುತ್ತದೆ. ಓರೆಯಾದರೆ ಪಕ್ಕಕ್ಕೆ ತಾಗುತ್ತದೆ. ತಾಗಿದಾಗ ಕೈ ನಿಲ್ಲಬೇಕು. ಆಮೇಲೆ ಬೆರಳಲ್ಲಿ ಮಣ್ಣು ಬಿಡಿಸುವುದು. ಮುಗಿದಷ್ಟು ದಾರಿಗೆ ಬಿಳಿ ಪಟ್ಟಿ ಹಾಸುವುದು. ಹಿಂದೆ ಇರುವ ಬಡ್ಡಿ ಕೇಳುತ್ತಾನೆ, "ಕ್ಲಿಯರ್ ಹೈ?" ಮುಂದಿನವ "ಕ್ಲಿಯರ್" ಎಂದ ಮೇಲೆಯೇ ಅವನು ಕಾಲಿಡುವುದು.

ಒಂದು ದಿನ ನಾನು "ಕ್ಲಿಯರ್" ಎಂದೆ. ಅವನು ಕಾಲಿಟ್ಟ. ಪಟ್ಟಿಯ ಒಳಗೇ ಇಟ್ಟಿದ್ದ. ಬಲಗಾಲು ಹರಡಿನಿಂದ ಕೆಳಗೆ ಹೋಯಿತು.

ವಿಚಾರಣೆಯಾಯಿತು. ನನ್ನ ತಪ್ಪಿಲ್ಲ ಎಂದು ಬರೆದರು. ಸೂಜಿ ಹೋಗುವುದಕ್ಕಿಂತ ಆಳದಲ್ಲಿ ಇತ್ತು, ಮರಳಿನ ಅಡಿಯಲ್ಲಿ ಜಾರಿತ್ತು ಎಂದು. ಅವನೂ ಅದನ್ನೇ ಹೇಳಿದ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಅವನಿಗೆ ಕಾಲು ಕೊಟ್ಟರು. ಅಲ್ಲಿಗೆ ನೋಡಲು ಹೋದಾಗ ಹೊಸ ಕಾಲಿಗೆ ಬೂಟು ಹಾಕಿ ಪಾಲಿಶ್ ಮಾಡುತ್ತಾ ಕೂತಿದ್ದ. "ಇನ್ನು ಒಂದೇ ಕಾಲ್ಚೀಲ ತೊಳೆದರೆ ಸಾಕು ತಂಬಿ" ಎಂದ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತೆ.

ಅಲ್ಲಿಂದ ಹತ್ತು ವರ್ಷ ನೌಕರಿ ಮಾಡಿದೆ. 2012ರಲ್ಲಿ ಹವಾಲ್ದಾರನಾಗಿ ನಿವೃತ್ತಿ. ಕಪ್ಪು ಟ್ರಂಕು, ಒಂದು ಹೋಲ್ಡಾಲು, ಪಿಪಿಒ ಎಂಬ ಪಿಂಚಣಿ ಆದೇಶದ ಕಾಗದ. ನಮ್ಮೂರಲ್ಲಿ ದೂರದಿಂದ ಬರುವವರು ಎಂದರೆ ಗಲ್ಫಿನವರು. ಅವರ ಪೆಟ್ಟಿಗೆ ಬಿಚ್ಚಿದರೆ ಅತ್ತರಿನ ಪರಿಮಳ. ನನ್ನ ಟ್ರಂಕು ಬಿಚ್ಚಿದರೆ ನುಸಿಗುಳಿಗೆಯ ವಾಸನೆ.

ಮನೆಗೆ ಬಂದವನಿಗೆ 42 ವಯಸ್ಸು. ಬೆಳಗ್ಗೆ ನಾಲ್ಕೂವರೆಗೆ ಎಚ್ಚರ. ಎದ್ದು ಏನು ಮಾಡುವುದು? ಹಾಸಿಗೆ ಮಡಚಿದೆ. ಮಕ್ಕಳ ಹಾಸಿಗೆಯನ್ನೂ ಮಡಚಿದೆ, ಅವರು ಅದರಲ್ಲಿ ಮಲಗಿದ್ದಾಗಲೇ. ಮೂರನೇ ವಾರ ಅಡಿಗೆ ಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದೆ. ಹೆಂಡತಿ ಬಂದು ನೋಡಿದಳು. "ಹದಿನೆಂಟು ವರ್ಷ ಈ ಮನೆ ನಡೆಸಿದ್ದು ನಾನು. ನೀವು ರಜೆಗೆ ಬಂದವರು. ಈಗ ರಜೆ ಸ್ವಲ್ಪ ಉದ್ದ ಆಗಿದೆ, ಅಷ್ಟೇ" ಎಂದಳು. ಡಬ್ಬಿಗಳು ಸಂಜೆಯೊಳಗೆ ಮೊದಲಿನ ಜಾಗಕ್ಕೆ ಹೋದವು. ಮಂಗಳೂರಿನಲ್ಲಿ ಎಂಟು ತಿಂಗಳು ಒಂದು ಕಡೆ ಸೆಕ್ಯೂರಿಟಿ ಕೆಲಸಕ್ಕೂ ಹೋದೆ. ಗೇಟು ತೆಗೆಯುವುದು, ಹಾಕುವುದು, ಕಾರಿಗೆ ಸೆಲ್ಯೂಟ್ ಹೊಡೆಯುವುದು. ಸೆಲ್ಯೂಟಿಗೆ ಒಂದು ಬೆಲೆ ಇದೆ ಎಂದು ಕಲಿತವನಿಗೆ ಅದು ಆಗಲಿಲ್ಲ. ಬಿಟ್ಟು ಬಂದೆ.

2013ರ ಮಾರ್ಚಿನಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಪಂಪು ಹಾಕಿದರೆ ಹತ್ತು ನಿಮಿಷ ನೀರು, ಆಮೇಲೆ ಗಾಳಿ. ತೋಟದಲ್ಲಿ ಅಡಿಕೆ ಸೋಗೆ ಬಾಡಿ ನೇತು ಬಿತ್ತು. ಆಗ ನೆನಪಾದದ್ದು ಮನೆಯ ಹಿಂದಿನ ಸುರಂಗ. ಅಜ್ಜನ ಕಾಲದಲ್ಲಿ ಕೊರೆಸಿದ್ದು. ಬೋರ್‌ವೆಲ್ ಬಂದ ಮೇಲೆ ಅಪ್ಪ ಅದನ್ನು ಬಿಟ್ಟುಬಿಟ್ಟಿದ್ದರು. ಬಾಯಿಗೆ ಬಳ್ಳಿ ಬೆಳೆದು ಮುಚ್ಚಿತ್ತು. ಒಳಗೆ ಎಲ್ಲೋ ಕುಸಿದಿದೆ ಎಂದು ಊರವರು ಹೇಳುತ್ತಿದ್ದರು.

ಸುರಂಗ ನೋಡದವರಿಗೆ ಸ್ವಲ್ಪ ವಿವರಿಸುತ್ತೇನೆ. ನಮ್ಮ ಗುಡ್ಡಗಳು ಮುರಕಲ್ಲಿನವು, ಅಂದರೆ ತೂತು ತೂತಾದ ಕೆಂಪು ಕಲ್ಲಿನವು. ಮಳೆನೀರು ಮುರಕಲ್ಲಿನಲ್ಲಿ ಇಂಗಿ ಇಳಿಯುತ್ತದೆ. ಬಾವಿ ತೋಡುವ ಬದಲು ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆಯುತ್ತಾ ಹೋದರೆ ಆ ನೀರಿನ ಸೆಲೆ ಸಿಗುತ್ತದೆ. ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ, ಭುಜ ತಾಗದಷ್ಟು ಅಗಲ. ಅಷ್ಟೇ. ಒಳಗೆ ಹೋದ ಹಾಗೆ ನೆಲ ಸ್ವಲ್ಪ ಸ್ವಲ್ಪ ಮೇಲೇರಬೇಕು, ಆಗ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಅಡ್ಯನಡ್ಕ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗ ಕೊರೆದು ತೋಟ ಎಬ್ಬಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆ ಎಲ್ಲರೂ ನಮ್ಮ ಮನೆಗೇ ಬಂದ ಹಾಗೆ ಸಂತೋಷಪಟ್ಟೆವು.

ನಾನು ಕರೆದುಕೊಂಡು ಬಂದದ್ದು ಊರಿನ ಒಬ್ಬ ಅಜ್ಜನನ್ನು. ಎಪ್ಪತ್ತು ದಾಟಿತ್ತು. ಹಿಂದೆ ಹತ್ತಾರು ಸುರಂಗ ಕೊರೆದ ಕೈ. ತಲೆಗೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ಗಿಡ್ಡ ಪಿಕ್ಕಾಸು. ನಾನು ಹೆಲ್ಮೆಟ್ ಕೊಡಲು ಹೋದೆ. "ಇದಕ್ಕೆ ಕಲ್ಲು ತಾಗಿದರೆ ಸದ್ದು ಬರ್ತದೆ. ನಿಮ್ಮದಕ್ಕೆ ತಾಗಿದರೆ ಕಿವಿ ಮುಚ್ಚುತ್ತದೆ ಅಣ್ಣೇರೆ" ಎಂದರು. ಅವರು ಬಾಯಿಗಿಂತ ಕಿವಿಯನ್ನು ಹೆಚ್ಚು ಬಳಸುವವರು ಎಂದು ನನಗೆ ಆಮೇಲೆ ಗೊತ್ತಾಯಿತು. ಪಿಕ್ಕಾಸಿನ ಹಿಂಬದಿಯಲ್ಲಿ ಗೋಡೆಗೆ ತಟ್ಟುವುದು, ನಿಲ್ಲುವುದು, ಮತ್ತೆ ತಟ್ಟುವುದು. ಠಣ್ ಎಂದರೆ ಗಟ್ಟಿ ಕಲ್ಲು. ದಬ್ ಎಂದರೆ ಹಿಂದೆ ಮಣ್ಣು ಸಡಿಲ. ಅಲ್ಲಿ ಎರಡು ಹೆಜ್ಜೆ ಬೇಗ ಇಡಬೇಕು.

ಒಳಗೆ ಹೋಗುವ ಮೊದಲು ಮೇಣದ ಬತ್ತಿ. ಉರಿ ನೆಟ್ಟಗಿದ್ದರೆ ಮುಂದೆ. ಸಣ್ಣದಾಗಿ ಮಂಕಾದರೆ ಉಸಿರಾಡುವ ಗಾಳಿ ಕಮ್ಮಿ, ತಿರುಗಿ ಬರಬೇಕು. ನಾನು ದೊಡ್ಡ ಟಾರ್ಚ್ ತಂದಿದ್ದೆ. "ಅದು ಬೆಳಕು ಕೊಡ್ತದೆ, ಗಾಳಿ ಉಂಟೋ ಇಲ್ಲವೋ ಹೇಳುವುದಿಲ್ಲ" ಎಂದರು ಅಜ್ಜ. ಟಾರ್ಚ್ ಆರಿಸಿದೆ.

ನನ್ನ ಕಡೆಯಿಂದ ನಾನು ಮೂರು ನಿಯಮ ಹಾಕಿದೆ. ಒಬ್ಬನೇ ಒಳಗೆ ಹೋಗಬಾರದು. ಮುಂದಿನವನ ಸೊಂಟಕ್ಕೆ ಹಗ್ಗ, ಅದರ ತುದಿ ಬಾಯಿಯಲ್ಲಿ ಕೂತವನ ಕೈಯಲ್ಲಿ. ಪ್ರತಿ ಕೋಲಿಗೂ ಪುಸ್ತಕದಲ್ಲಿ ಬರೆಯಬೇಕು. ಹಗ್ಗಕ್ಕೆ ಅಜ್ಜ ಒಪ್ಪಿದರು. ಪುಸ್ತಕ ನೋಡಿ ನಕ್ಕರು. ನಾನು ಬರೆಯುತ್ತಲೇ ಹೋದೆ. 12ನೇ ಕೋಲು, ಬಾವಲಿಗಳು. 19ನೇ ಕೋಲು, ಎಡಕ್ಕೆ ಸಣ್ಣ ತಿರುವು, ಅಲ್ಲಿ ಬಂಡೆ ಸಿಕ್ಕಿ ತಪ್ಪಿಸಿರಬೇಕು. 27ನೇ ಕೋಲು, ಬಲಗೋಡೆಯಲ್ಲಿ ಬಿರುಕು, ಬೆರಳು ಹೋಗುವಷ್ಟು. 34ರಲ್ಲಿ ನೆಲ ಒದ್ದೆ. 41ನೇ ಕೋಲಿನಲ್ಲಿ ದಾರಿ ಮುಗಿಯಿತು. ಮೇಲಿನಿಂದ ಶೇಡಿ ಮಣ್ಣು ಇಳಿದು ಮುಚ್ಚಿತ್ತು.

ಹನ್ನೊಂದು ದಿನ ಆ ಮಣ್ಣು ತೆಗೆದೆವು. ಅಜ್ಜ ಕಡಿಯುವುದು, ನಾನು ಬುಟ್ಟಿಗೆ ತುಂಬಿ ಹೊರಗೆ ಎಳೆಯುವುದು. 24 ವರ್ಷ ನೌಕರಿ ಮಾಡಿ ಹವಾಲ್ದಾರನಾದವ ಮತ್ತೆ ಹೊಸದಾಗಿ ಸೇರಿದ ರಂಗರೂಟಾದೆ. ಹನ್ನೊಂದನೇ ದಿನ ಅಜ್ಜ ಮಣ್ಣಿಗೆ ಕಿವಿ ಇಟ್ಟರು. "ಆಚೆ ನೀರು ನಿಂತಿದೆ. ನಾಳೆ ನನಗೆ ಬರಲಿಕ್ಕಾಗುವುದಿಲ್ಲ, ದೈವದ ನೇಮ ಉಂಟು. ನಾಡಿದ್ದು ಮೇಲಿನಿಂದ ಒಂದು ಕಣ್ಣು, ಸಣ್ಣ ತೂತು, ಬಿಡುವ. ಕಣ್ಣಲ್ಲಿ ಒಂದು ದಿನ ಹರಿಯಲಿ. ಆಮೇಲೆ ಒಡೆಯುವ" ಎಂದರು.

ಮರುದಿನ ನಾನು ಸುಮ್ನೆ ಕೂರಬೇಕಿತ್ತು.

ಕೂರಲಿಲ್ಲ. ನಾನು ಸ್ಯಾಪರ್, ಬಂಡೆ ಸಿಡಿಸಿದವ, ಇಷ್ಟು ಮಣ್ಣಿಗೆ ಒಂದು ದಿನ ಕಾಯುವುದಾ ಎಂದು ತಲೆಗೆ ಬಂತು. ಪಕ್ಕದ ಮನೆಯ ಹುಡುಗ ಸೇನೆಗೆ ಸೇರಬೇಕೆಂದು ನನ್ನ ಹತ್ತಿರ ಓಟದ ಅಭ್ಯಾಸ ಮಾಡುತ್ತಿದ್ದ. ಅವನನ್ನು ಬಾಯಿಯಲ್ಲಿ ಹಗ್ಗ ಹಿಡಿದು ಕೂರಿಸಿದೆ. ನಿಯಮ ಪಾಲಿಸಿದೆ ನೋಡಿ! ಹಾರೆ ಹಿಡಿದು ಹೋದೆ. ಮೇಲಿನಿಂದ ಕಣ್ಣು ಬಿಡುವ ಬದಲು ಬುಡಕ್ಕೇ ಹಾಕಿದೆ. ಐದಾರು ಏಟಿಗೆ ಮಣ್ಣು ಮೆತ್ತಗಾಯಿತು. ಮುಂದಿನ ಏಟಿಗೆ ಇಡೀ ಗೋಡೆ ನನ್ನ ಕಡೆಗೆ ಬಂತು.

ಸೊಂಟದೆತ್ತರ ನೀರು, ಅದೂ ಕೆಸರು. ಬತ್ತಿ ಆರಿತು. ನಾನು ಎಷ್ಟು ದೂರ ಹೋದೆ ಎಂದು ಆಗ ಗೊತ್ತಾಗಲಿಲ್ಲ. ಎರಡೂ ಮೊಣಕಾಲು ಗೋಡೆಗೆ ಉಜ್ಜಿಕೊಂಡು ಹೋದವು. ಹುಡುಗ ಹಗ್ಗ ಬಿಡಲಿಲ್ಲ. ಎಳೆದ, ಕೂಗಿದ, ಮತ್ತೆ ಎಳೆದ. ಹೊರಗೆ ಬಂದು ಬಿದ್ದಾಗ ಮೂಗು ಬಾಯಿ ತುಂಬ ಶೇಡಿ. ಕೆಳಗಿನ ತಟ್ಟಿನಲ್ಲಿ ಹಿಂದಿನ ಮಳೆಗಾಲದಲ್ಲಿ ನೆಟ್ಟಿದ್ದ 80 ಅಡಿಕೆ ಸಸಿಗಳು ಕೆಸರಿನ ಜೊತೆ ತೋಡಿಗೆ ಹೋಗಿದ್ದವು.

ಹೆಂಡತಿ ಓಡಿ ಬಂದಳು. ನನ್ನ ಕೈಕಾಲು ಮುಟ್ಟಿ ನೋಡಿದಳು. ಎಲ್ಲ ಸರಿ ಇದೆ ಎಂದು ಗೊತ್ತಾದ ಮೇಲೆ ಹೇಳಿದಳು: "ಸೇನೆಯಲ್ಲಿ ಸೇತುವೆ ಕಟ್ಟಿದ್ದೆ ಅಂತ ಹೇಳಿದ್ದಿರಿ. ಅಣೆಕಟ್ಟು ಒಡೆಯುತ್ತಿದ್ದೆ ಅಂತ ಹೇಳಲೇ ಇಲ್ಲ."

ಅಜ್ಜ ಮರುದಿನ ಬಂದರು. ಖಾಲಿ ತಟ್ಟು ನೋಡಿದರು. ಸುರಂಗದ ಬಾಯಿಯಲ್ಲಿ ಹರಿಯುತ್ತಿದ್ದ ನೀರಿನಲ್ಲಿ ಕಾಲು ತೊಳೆದರು. ಬಯ್ಯಲಿಲ್ಲ. "ಇಷ್ಟು ವರ್ಷ ನಿಂತಿದ್ದ ನೀರು ಇನ್ನೊಂದು ದಿನ ನಿಲ್ಲುತ್ತಿರಲಿಲ್ಲವಾ?" ಎಂದು ಕೇಳಿದರು ಅಷ್ಟೇ. ನಾನು ಆ ರಾತ್ರಿ ರಾಜಸ್ಥಾನವನ್ನು ನೆನೆದೆ. ಒಂದು ಅಡಿ ಮರಳಿಗೆ ಅಷ್ಟು ತಾಳ್ಮೆ ಇದ್ದ ಕೈ ಇದೇ. ಅಲ್ಲಿ ಹೆದರಿಕೆ ಇತ್ತು, ಕೈ ನಿಧಾನವಾಗಿತ್ತು. ಮನೆಯ ಸುರಂಗಕ್ಕೆ ಹೆದರುವುದು ಯಾಕೆ ಎಂದುಕೊಂಡಿದ್ದೆ.

ಆಮೇಲೆ ಅಜ್ಜ ಹೇಳಿದ ಹಾಗೇ ಮಾಡಿದೆ. 58ನೇ ಕೋಲಿನವರೆಗೆ ದಾರಿ ಬಿಡಿಸಿದೆವು. ಕೊನೆಯಲ್ಲಿ ಗೋಡೆಯ ಎರಡು ಕಡೆಯಿಂದ ನೀರು ಜಿನುಗುತ್ತಿತ್ತು. ಅಲ್ಲಿ ಮಣ್ಣಿನ ಸಣ್ಣ ಕಟ್ಟ ಹಾಕಿ, ಕಪ್ಪು ಪೈಪು ಇಟ್ಟು, ಹೊರಗೆ ಟಾಂಕಿಗೆ ಬಿಟ್ಟೆವು. ಹಿಂದೆ ಪೈಪಿನ ಜಾಗದಲ್ಲಿ ಅಡಿಕೆ ಮರದ ದಂಬೆ ಇರುತ್ತಿತ್ತು. ಅಜ್ಜನಿಗೆ ಪೈಪು ಇಷ್ಟವಾಯಿತು. ಎಲ್ಲ ಹಳೆಯದೇ ಒಳ್ಳೆಯದು ಎನ್ನುವ ಜನ ಅಲ್ಲ ಅವರು.

ಏಪ್ರಿಲ್ ಕೊನೆಗೆ ಅಳೆದೆ. 20 ಲೀಟರಿನ ಬಕೆಟ್ ತುಂಬಲು ನಾಲ್ಕು ನಿಮಿಷ. ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200. ಕೇಳಲು ಸಣ್ಣ ಹರಿವು. ಆದರೆ ಅದು ರಾತ್ರಿಯೂ ನಿಲ್ಲುವುದಿಲ್ಲ ಅಲ್ವಾ? ಅರ್ಧ ಮನೆಗೆ, ಹಟ್ಟಿಗೆ. ಉಳಿದ ಅರ್ಧ ತೋಟಕ್ಕೆ. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ 200 ಮರ ಬದುಕುತ್ತದೆ. ಬದುಕಿತು. ಹೋದ 80 ಸಸಿಗಳನ್ನು ಮಳೆ ಬಂದ ಮೇಲೆ ಮತ್ತೆ ನೆಟ್ಟೆ.

ಬಾಯಾರು ಕಡೆ ಸುದ್ದಿ ಹರಡಿತು. ಇನ್ನೂ ನಾಲ್ಕು ಮನೆಯವರು ಹಳೆಯ ಸುರಂಗ ನೋಡಲು ಕರೆದರು. ಅಜ್ಜ ಮುಂದೆ, ನಾನು ಹಿಂದೆ. ಎರಡನೇ ಮನೆಯಲ್ಲಿ ಕೆಲಸ ನಡೆಯುವಾಗ ಅವರು ನಿಂತು, "ನಿಮ್ಮ ಪುಸ್ತಕ ನೋಡಿ, ಆ ಬಿರುಕು ಎಷ್ಟನೇ ಕೋಲಿನಲ್ಲಿ?" ಎಂದು ಕೇಳಿದರು. ಮೆಡಲು ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಈಗ ಅಜ್ಜ ಇಲ್ಲ. ಪುಸ್ತಕದಲ್ಲಿ ಐದು ಸುರಂಗಗಳು ಕೋಲು ಲೆಕ್ಕದಲ್ಲಿ ಇವೆ. ಆದರೆ ಠಣ್ ಎಂದದ್ದೂ ದಬ್ ಎಂದದ್ದೂ ಬರೆಯಲು ಬರುವುದಿಲ್ಲ. ಎರಡರ ನಡುವೆ ಇನ್ನೂ ನಾಲ್ಕಾರು ಸದ್ದುಗಳಿದ್ದವು. ನನಗೆ ಮೂರು ಮಾತ್ರ ಸಿಕ್ಕಿದವು. ಅದಕ್ಕೇ ಹೊಸ ಸುರಂಗ ಕೊರೆಯಲು ಯಾರಾದರೂ ಕರೆದರೆ ಹೋಗುವುದಿಲ್ಲ. ಇದ್ದದ್ದನ್ನು ಚೊಕ್ಕ ಮಾಡಲು ಮಾತ್ರ.

ಹಗ್ಗ ಹಿಡಿದ ಹುಡುಗ ಸೇನೆಗೆ ಆಯ್ಕೆಯಾಗಲಿಲ್ಲ. ಓಟದಲ್ಲಿ ಗೆದ್ದ, ವೈದ್ಯಕೀಯದಲ್ಲಿ ಹೋಯಿತು. ಈಗ ದುಬೈಯಲ್ಲಿದ್ದಾನೆ. ರಜೆಗೆ ಬಂದಾಗ ನನಗೂ ಒಂದು ಅತ್ತರಿನ ಬಾಟಲಿ ತರುತ್ತಾನೆ. ಟ್ರಂಕಿನಲ್ಲಿ ಇಟ್ಟಿದ್ದೇನೆ.

ಈಗ ನನ್ನ ವರ್ಷ ತೋಟದ ಮೇಲೆ ನಡೆಯುತ್ತದೆ. ಮಳೆಗೆ ಮೊದಲು ಕೊಳೆರೋಗಕ್ಕೆ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮರ ಏರುವವರು ಸಿಗುವುದಿಲ್ಲ, ಹಾಗಾಗಿ ಕಾರ್ಬನ್ ಫೈಬರ್ ದೋಟಿ. ಕುತ್ತಿಗೆ ನೋವು ಬರುತ್ತದೆ. ನವೆಂಬರ್ ಬಂತೆಂದರೆ ಬೇರೆ ಕೆಲಸ. ಪಿಂಚಣಿಯವರು 'ಬದುಕಿದ್ದೇನೆ' ಎಂದು ತೋರಿಸಬೇಕಾದ ತಿಂಗಳು ಅದು. ಸುತ್ತಲಿನ ನಾಲ್ಕೈದು ಮಾಜಿ ಸೈನಿಕರೂ, ಒಬ್ಬ ಜವಾನನ ವಯಸ್ಸಾದ ಹೆಂಡತಿಯೂ ನನ್ನ ಜಗಲಿಗೆ ಬರುತ್ತಾರೆ. ಅಡಿಕೆ ಸುಲಿದು ಸುಲಿದು ಆ ಅಮ್ಮನ ಬೆರಳ ಗೆರೆ ಸವೆದಿದೆ. ಮೆಷಿನಿನ ಮೇಲೆ ಹತ್ತು ಸಲ ಒತ್ತಿದರೂ ಹಿಡಿಯುತ್ತಿರಲಿಲ್ಲ. ಈಗ ಫೋನಿನಲ್ಲಿ ಮುಖ ತೋರಿಸಿದರೆ ಆಗುತ್ತದೆ. "ಕಣ್ಣು ಮಿಟುಕಿಸಿ ಅಮ್ಮ" ಎಂದರೆ ಅವರಿಗೆ ನಾಚಿಕೆ. ಎರಡೂ ಕಣ್ಣು ಗಟ್ಟಿ ಮುಚ್ಚಿಬಿಡುತ್ತಾರೆ.

ಅದೇ ತಿಂಗಳು ತಿರುನೆಲ್ವೇಲಿಯಿಂದ ಫೋನು ಬರುತ್ತದೆ. "ತಂಬಿ, ಬದುಕಿದ್ದೀಯಾ?" "ಸರ್ಕಾರಕ್ಕೆ ಈಗಷ್ಟೇ ಹೇಳಿದೆ." ಪ್ರತಿ ವರ್ಷ ಇದೇ ಮಾತು. ಮನೆಯ ಹಿಂದೆ ಸುರಂಗ ಇದೆ ಎಂದಾಗ ಅವನು ಮೊದಲು ನಂಬಲಿಲ್ಲ. "ಅಲ್ಲಿ ತೆಗೆದದ್ದನ್ನು ಮನೆಗೆ ತಂದು ಹುಗಿದಿದ್ದೀಯಾ?" ಎಂದು ನಕ್ಕ. ಕಳೆದ ವರ್ಷ ಬಂದೇ ಬಂದ. ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದಾಗ ನಾನು ಅವನ ಮುಖಕ್ಕಿಂತ ಮೊದಲು ನಡಿಗೆ ನೋಡಿದೆ. ಗೊತ್ತಿಲ್ಲದವರಿಗೆ ಗೊತ್ತಾಗದಷ್ಟು ಚೆನ್ನಾಗಿ ನಡೆಯುತ್ತಾನೆ.

ಮರುದಿನ ಬೆಳಗ್ಗೆ ನಾಲ್ಕೂವರೆಗೆ ಇಬ್ಬರೂ ಎದ್ದು ಕೂತಿದ್ದೆವು. ಬೆಳಕಾದ ಮೇಲೆ ಹಿಂದೆ ಕರೆದುಕೊಂಡು ಹೋದೆ. ಸುರಂಗದ ಬಾಯಿಯಲ್ಲಿ ಅವನು ನಿಂತ. ಒಳಗಿನ ಕತ್ತಲೆ ನೋಡಿದ. ನೆಲ ನೋಡಿದ. ನಾನು ಬತ್ತಿ ಹಚ್ಚಿ ಮುಂದೆ ಹೋದೆ. ನಾಲ್ಕು ಕೋಲು ಹೋಗಿ ತಿರುಗಿದರೆ ಅವನು ಇನ್ನೂ ಅಲ್ಲೇ ಇದ್ದ.

"ಕ್ಲಿಯರ್ ಹೈ?" ಎಂದ.

ನನಗೆ ಸ್ವಲ್ಪ ಹೊತ್ತು ಬಾಯಿ ಬರಲಿಲ್ಲ. ಗೋಡೆಗೆ ಪಿಕ್ಕಾಸಿನ ಹಿಂಬದಿಯಲ್ಲಿ ತಟ್ಟಿದೆ. ಠಣ್ ಎಂದಿತು. ಇನ್ನೊಂದು ಕಡೆ ತಟ್ಟಿದೆ. ಆಮೇಲೆ "ಕ್ಲಿಯರ್" ಎಂದೆ. ಅವನು ಬಲಗಾಲನ್ನೇ ಮೊದಲು ಇಟ್ಟ. ಗೋಡೆ ಹಿಡಿದುಕೊಂಡು, ಬಗ್ಗಿ, ಬಾವಲಿಗಳಿಗೆ ತಮಿಳಿನಲ್ಲಿ ಬಯ್ಯುತ್ತಾ 58ನೇ ಕೋಲಿನವರೆಗೂ ಬಂದ. ಬೊಗಸೆಯಲ್ಲಿ ನೀರು ಕುಡಿದ. ತಲೆಗೂ ಹಾಕಿಕೊಂಡ. ಹೊರಗೆ ಬಂದು ಕಲ್ಲಿನ ಮೇಲೆ ಕೂತು, ಕಾಲು ಬಿಚ್ಚಿ ಒರೆಸಿ ಬಿಸಿಲಿಗೆ ಒಣಗಲು ಇಟ್ಟ.

ಹೆಂಡತಿ ಚಹಾ ತಂದಳು. ಅವನು ಲೋಟ ತೆಗೆದುಕೊಂಡು ಸುತ್ತ ನೋಡಿ ಕೇಳಿದ: "ಅಣ್ಣಿ, ಇವನು ಒಡೆದ ಅಣೆಕಟ್ಟು ಯಾವುದು?"

ಅವಳು ಕೆಳಗಿನ ತಟ್ಟಿನ ಅಡಿಕೆ ಮರಗಳ ಕಡೆ ಕೈ ತೋರಿಸಿ, ಮೊದಲಿನಿಂದ ಶುರು ಮಾಡಿದಳು.